ಸ್ಟ್ರಾಬೆರಿ ರೂಮಿನ ಕಾಕ

ಕಳೆದ ತಿಂಗಳು ಕುಶಾಲನಗರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಹಾಲ್‌ನ ಹೊರಗೆ ಗೋಲಿ ಸೋಡಾದ ಗಾಡಿ ನಿಲ್ಲಿಸಿದ್ದರು. ಈಗೀಗ ಅದೊಂದು ಶೋಕಿ. ಗಾಡಿಯವನು ಹೆಬ್ಬೆರಳಿಂದ ಗೋಲಿ ಒತ್ತಿ ಬಾಟಲಿಯನ್ನು ನನ್ನ ಕೈಗಿತ್ತ. ನಾನು ಅವಸರದಲ್ಲಿ ಅದನ್ನು ಮುಖದ ಹತ್ತಿರ ತಂದೆ. ಒಳಗಿನ ಗ್ಯಾಸ್ ನೇರ ಮೂಗಿಗೆ ನುಗ್ಗಿತು. ಚುರ್ ಎಂದಿತು, ಕಣ್ಣಲ್ಲಿ ನೀರು ಬಂತು. ಜೊತೆಗಿದ್ದವರು ನಕ್ಕರು. ನನಗೆ ನಗಲಾಗಲಿಲ್ಲ. ಬಾಟಲಿಯನ್ನು ಅಲ್ಲೇ ಇಟ್ಟು ರಸ್ತೆಗೆ ಬಂದು, ಒಂದು ಕಾರಿಗೆ ಒರಗಿ ನಿಂತು, ಉಸಿರು ಸರಿಯಾಗಿ ಬರುತ್ತಿದೆಯೇ ಎಂದು ನೋಡಿಕೊಂಡೆ...

ಆ ಚುರುಕು ಏನೆಂದು ನನಗೆ ಹೇಳಿಕೊಟ್ಟವರು ಕಾಕ. ಕಾರ್ಬನ್ ಡೈ ಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಕಾಕ ಅದನ್ನು ಪೂರ್ತಿ ಒಪ್ಪಲಿಲ್ಲ.

“ವಾಸನೆ ಇಲ್ಲ, ಸರಿ. ಆದ್ರೆ ಜಾಸ್ತಿ ಆದ್ರೆ ಮೂಗಿಗೆ ಗೊತ್ತಾಗ್ತದೆ ಮೋಳೇ. ಸೋಡಾ ಕುಡಿದು ತೇಗು ಬಂದಾಗ ಮೂಗಲ್ಲಿ ಉರೀತದಲ್ಲ, ಅದೇ. ಅದು ಬಂತು ಅಂದ್ರೆ ಅಲ್ಲಿ ನಿಲ್ಬಾರ್ದು.”

ಮೋಳೇ ಎಂದರೆ ಮಲಯಾಳದಲ್ಲಿ ಮಗಳೇ. ಮೊದಲ ದಿನದಿಂದಲೂ ಅವರು ನನ್ನನ್ನು ಕರೆದದ್ದು ಹಾಗೆಯೇ. ಅವರನ್ನು ಊರೆಲ್ಲ ಕರೆಯುತ್ತಿದ್ದುದು ಕಾಕ ಎಂದು. ಸುಂಟಿಕೊಪ್ಪದ ಪೇಟೆಯಲ್ಲಿ ಅವರದೊಂದು ಸೋಡಾ ಫ್ಯಾಕ್ಟರಿ ಇತ್ತು. ಫ್ಯಾಕ್ಟರಿ ಎಂದರೆ ಒಂದು ಕೋಣೆ, ಕೈಯಲ್ಲಿ ತಿರುಗಿಸುವ ಒಂದು ಮಿಷನ್, ಎರಡು ಸಿಲಿಂಡರ್. ಮೂವತ್ತು ವರ್ಷ ಅದನ್ನು ನಡೆಸಿದರು. ಬಾಟಲಿಯೊಂದು ಒಡೆದು ಎಡ ಹುಬ್ಬು ಸೀಳಿದ ಗುರುತು ಮುಖದ ಮೇಲಿತ್ತು. ಪ್ಲಾಸ್ಟಿಕ್ ಬಾಟಲಿಯ ಪಾನೀಯಗಳು ಬಂದ ಮೇಲೆ ಗೋಲಿ ಸೋಡಾ ಕೇಳುವವರಿಲ್ಲದೆ ಬಾಗಿಲು ಹಾಕಿದರು. ಆಗ ಅವರಿಗೆ ಅರವತ್ತು ದಾಟಿತ್ತು. ಅದೇ ಹೊತ್ತಿಗೆ ಊರಿನಿಂದ ಐದಾರು ಮೈಲಿ ಒಳಗಿನ ಕಾಫಿ ಎಸ್ಟೇಟಿನ ಸಾವ್ಕಾರ್ರು, ಗ್ಯಾಸ್ ಸಿಲಿಂಡರ್ ಗೊತ್ತಿರುವವರು ಬೇಕು ಎಂದು ಹುಡುಕಿಕೊಂಡು ಬಂದರಂತೆ.

ಸಾವ್ಕಾರ್ರು ಹೊಸ ಕಾಲದವರು. ಎಲ್ಲಿಯೋ ನೋಡಿಕೊಂಡು ಬಂದು, ಎಸ್ಟೇಟಿನ ಹಳೆಯ ಕಾಫಿ ಗೋಡೌನಿನೊಳಗೆ ಸ್ಟ್ರಾಬೆರಿ ಮತ್ತು ಸಲಾಡ್ ಸೊಪ್ಪು ಬೆಳೆಯಲು ಹೊರಟಿದ್ದರು. ಕೊಡಗಿನ ರೆಸಾರ್ಟುಗಳಿಗೆ ವರ್ಷವಿಡೀ ಬೇಕಾದ ಮಾಲು ಅದು. ಗೋಡೌನಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಳಗೆ ದಪ್ಪ ಶೀಟಿನ ಗೋಡೆ ಹಾಕಿಸಿ, ಥರ್ಮೋಕೋಲ್ ಸೀಲಿಂಗ್ ಇಳಿಸಿ, ಕಬ್ಬಿಣದ ರ‍್ಯಾಕುಗಳನ್ನು ಅಂತಸ್ತು ಅಂತಸ್ತಾಗಿ ನಿಲ್ಲಿಸಿದ್ದರು. ಪ್ರತಿ ಅಂತಸ್ತಿನಲ್ಲೂ ನೇರಳೆ ಬಣ್ಣದ ದೀಪ. ಗಿಡಕ್ಕೆ ಬೆಳಕು ನಾವೇ ಕೊಡಬೇಕು, ನೀರು ನಾವೇ ಕೊಡಬೇಕು, ಗಾಳಿಯನ್ನೂ ನಾವೇ ಕೊಡಬೇಕು. ಮುಚ್ಚಿದ ಕೋಣೆಯಲ್ಲಿ ಗಿಡಗಳು ಇದ್ದ ಕಾರ್ಬನ್ ಡೈ ಆಕ್ಸೈಡನ್ನೆಲ್ಲ ಬೇಗ ತಿಂದು ಮುಗಿಸುತ್ತವೆ. ಅದಕ್ಕೇ ಸಿಲಿಂಡರಿನಿಂದ ಅಳೆದು ಬಿಡುವುದು. ಹೊರಗಿನ ಗಾಳಿಯಲ್ಲಿ ನಾನೂರು ಚಿಲ್ಲರೆ ತೋರಿಸುವ ಮೀಟರ್ ನಮ್ಮ ರೂಮಿನಲ್ಲಿ ಸಾವಿರ ತೋರಿಸಬೇಕು. ಆಗ ಎಲೆ ದಪ್ಪ ಬರುತ್ತದೆ, ಹಣ್ಣು ಬೇಗ ಬರುತ್ತದೆ. ಇದನ್ನೆಲ್ಲ ನೋಡಿಕೊಳ್ಳಲು ಕೃಷಿ ಡಿಪ್ಲೊಮಾ ಮಾಡಿದ್ದ ನನ್ನನ್ನು ಇಟ್ಟುಕೊಂಡರು. ಗ್ಯಾಸಿಗೆ ಕಾಕ. ಗಿಡ ನೆಡಲು, ಕೊಯ್ಯಲು ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬರು ಅಕ್ಕ. ಮೊದಲು ಕಾಫಿ ಪಿಕ್ಕಿಂಗ್ ಮಾಡುತ್ತಿದ್ದವರು. ಮೂವರೇ.

ಸೇರುವಾಗ ಸಾವ್ಕಾರ್ರು ನನ್ನ ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡು ಆಫೀಸಿನ ಬೀರುವಿನಲ್ಲಿಟ್ಟರು. “ಎರಡು ವರ್ಷ ಇರ್ತೀನಿ ಅಂತ ಒಂದು ಭರವಸೆಗೆ, ಅಷ್ಟೇ,” ಎಂದರು. ಬಹಳ ಮೆತ್ತಗೆ ಮಾತಾಡುವವರು. ನಾನು ಭಾಗಮಂಡಲದ ಕಡೆಯ ಅರೆಭಾಷೆಯ ಮನೆಯವಳು. ಅವ್ವನಿಗೆ ಫೋನ್ ಮಾಡಿ ಕೆಲಸ ಸಿಕ್ಕಿತು ಎಂದು ಸಂತೋಷದಲ್ಲಿ ಹೇಳಿದ್ದೆ.

ಆರು ತಿಂಗಳಲ್ಲಿ ನನಗೆ ಆ ರೂಮು ಬೇಡವಾಯಿತು. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದರೆ ಹತ್ತೂವರೆಯ ಟೀಗೆ ಬಾಗಿಲು, ಮಧ್ಯಾಹ್ನದ ಊಟಕ್ಕೆ ಬಾಗಿಲು, ಆಮೇಲೆ ಸಂಜೆ. ಮಧ್ಯೆ ತೆರೆದರೆ ಗ್ಯಾಸ್ ಹೋಗುತ್ತದೆ, ತಂಪು ಹೋಗುತ್ತದೆ. ಹೊರಗೆ ಬಿಸಿಲಿದೆಯೋ ಮೋಡವೋ ಗೊತ್ತಾಗುತ್ತಿರಲಿಲ್ಲ, ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ನೇರಳೆ ಬೆಳಕಿನಲ್ಲಿ ಸ್ಟ್ರಾಬೆರಿಯ ಎಲೆ ಕಪ್ಪಾಗಿ ಕಾಣುತ್ತಿತ್ತು, ಅಕ್ಕನ ಕೈ ಕಾಯಿಲೆಯವರ ಕೈಯಂತೆ ಕಾಣುತ್ತಿತ್ತು. ಸಾಯಂಕಾಲ ಹೊರಗೆ ಬಂದರೆ ಸ್ವಲ್ಪ ಹೊತ್ತು ತೋಟವಷ್ಟೇ ಅಲ್ಲ, ಗೋಡೆ, ಆಕಾಶ ಎಲ್ಲವೂ ಹಸಿರು. ಸಾವಿರ ಸಾಲದು, ಸಾವಿರದ ಐನೂರು ಮಾಡಿ ಎಂದು ಸಾವ್ಕಾರ್ರು ಹೇಳಿದ ಮೇಲೆ ಸಂಜೆಯ ತಲೆನೋವು ಶುರುವಾಯಿತು. ಕೆಲಸ ಬಿಡುತ್ತೇನೆ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಅವರು ನಕ್ಕು, “ಎರಡು ವರ್ಷ ಆಗ್ಲಿ ಮೇಡಂ,” ಎಂದರು. ಬೀರುವಿನ ಬೀಗದಕೈ ಅವರ ಕಾರಿನ ಕೀ ಗೊಂಚಲಲ್ಲೇ ಇರುತ್ತಿತ್ತು. ಅದು ಕಿಣಿಕಿಣಿ ಎನ್ನುವುದನ್ನು ಕೇಳುತ್ತಾ ನಾನು ವಾಪಸ್ ರೂಮಿಗೆ ಹೋಗುತ್ತಿದ್ದೆ.

ಕಾಕನಿಗೂ ಆ ರೂಮು ಇಷ್ಟವಿರಲಿಲ್ಲ. ಆದರೆ ಅವರ ಇಷ್ಟವಿಲ್ಲದಿರುವಿಕೆ ಬೇರೆ ಥರ. ನಾನು ಮುಖ ಗಂಟು ಹಾಕಿಕೊಂಡು ಸುಮ್ಮನಿರುತ್ತಿದ್ದೆ, ಅವರು ಹೇಳಿಬಿಡುತ್ತಿದ್ದರು. ಮೊದಲು ಸಿಲಿಂಡರುಗಳು ಹೊರಗಿನ ಜಗಲಿಯಲ್ಲಿದ್ದವು, ಪೈಪ್ ಮಾತ್ರ ಒಳಗೆ. ರೆಸಾರ್ಟಿನ ಅತಿಥಿಗಳನ್ನು ರೂಮು ನೋಡಲು ಕರೆತರುವ ಏರ್ಪಾಡಾದ ಮೇಲೆ, ಜಗಲಿಯಲ್ಲಿ ಅವು ಚೆನ್ನಾಗಿ ಕಾಣುವುದಿಲ್ಲ ಎಂದು ಸಾವ್ಕಾರ್ರು ಒಳಗಿನ ಮೂಲೆಗೆ ಸಾಗಿಸಿದರು.

“ಸಾರ್, ಇದು ಹೊರಗೆ ಇರ್ಬೇಕಾದ ಸಾಮಾನು,” ಎಂದು ಕಾಕ ಅವರೆದುರೇ ಹೇಳಿದರು. “ಮನುಷ್ಯರು ಉಸಿರಾಡೋ ಕೋಣೆಯಲ್ಲಿ ಇದನ್ನ ಇಡ್ಬಾರ್ದು.”

“ನೀವಿದ್ದೀರಲ್ಲ ಕಾಕ,” ಎಂದರು ಸಾವ್ಕಾರ್ರು.

ಮೀಟರಿನಲ್ಲೊಂದು ಅಲಾರಾಂ ಇತ್ತು. ಅತಿಥಿಗಳೆದುರು ಒಮ್ಮೆ ಕೂಗಿತೆಂದು ಅದರ ವೈರ್ ಕೀಳಿಸಿದರು. ಬಾಗಿಲಿನ ಒಳಗಿನ ಹಿಡಿ ಒಂದು ದಿನ ಮುರಿಯಿತು. ಅಂದಿನಿಂದ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿದರೆ ಮಾತ್ರ ಸರಿಯಾಗಿ ಕೂರುತ್ತಿತ್ತು. ಟೀ ಹೊತ್ತಿಗೆ, ಊಟದ ಹೊತ್ತಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ತೆಗೆಯುತ್ತಿದ್ದರು. ಹಿಡಿ ಮುರಿದಿದೆ ಎಂದು ನಾನು ಲಾಗ್ ಬುಕ್ಕಿನಲ್ಲಿ ಎರಡು ಸಲ ಬರೆದೆ. ಸಿಲಿಂಡರಿನ ವಾಷರ್ ಸವೆದಿದೆ, ಹೊಸದು ಬೇಕು ಎಂದು ಕಾಕ ಹೇಳಿದ್ದನ್ನೂ ಬರೆದೆ. ಮುಂದಿನ ವಾರ, ಮುಂದಿನ ವಾರ ಎನ್ನುವುದೇ ಆಯಿತು. ಬರೆದೆನಲ್ಲ, ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಕಾಕ ಹಾಗೆ ಅಂದುಕೊಳ್ಳಲಿಲ್ಲ. ನಮ್ಮಿಬ್ಬರನ್ನೂ ಕೂರಿಸಿ ಪಾಠ ಮಾಡಿದರು. “ಈ ಗ್ಯಾಸ್ ನೀರಿನ ಹಾಗೆ. ಗಾಳಿಗಿಂತ ಭಾರ. ಲೀಕ್ ಆದ್ರೆ ತಗ್ಗಲ್ಲಿ ಹೋಗಿ ಕೂತ್ಕೊಳ್ತದೆ. ಯಾವಾಗ್ಲಾದ್ರೂ ಏನಾದ್ರೂ ಆದ್ರೆ ಬಗ್ಗಬೇಡಿ, ಮಲಗಬೇಡಿ. ಮೊದ್ಲು ಫ್ಯಾನ್ ಆಫ್ ಮಾಡಿ, ಅದು ಗ್ಯಾಸನ್ನ ಮೇಲೆ ಎಬ್ಬಿಸ್ತದೆ. ಆಮೇಲೆ ಮೇಲೆ ಹತ್ತಿ.” ಅಕ್ಕ ನಗುತ್ತಾ, ಈ ವಯಸ್ಸಲ್ಲಿ ನಾನು ಎಲ್ಲಿಗೆ ಹತ್ತಲಿ ಎಂದು ಕೇಳಿದ್ದರು.

ಅದು ಪಿಕ್ಕಿಂಗಿನ ಕಾಲ. ಒಂದು ದಿನ ಟೀ ಕುಡಿದು ನಾವು ಮೂವರೂ ಒಳಗೆ ಹೋದೆವು. ರೈಟರ್ ಚಿಲಕ ಹಾಕಿ, ಕಾಫಿ ಒಣಗಿಸುವ ಕಣದಲ್ಲಿ ಲಾರಿಗೆ ಲೋಡ್ ಮಾಡಿಸಲು ಹೋದರು. ಖಾಲಿಯಾದ ಸಿಲಿಂಡರನ್ನು ತೆಗೆದು ಕಾಕ ಹೊಸದನ್ನು ಜೋಡಿಸುತ್ತಿದ್ದರು. ವಾಷರ್ ಅದೇ ಹಳೆಯದು. ಬೇರೆ ಇರಲಿಲ್ಲ. ಸ್ಪ್ಯಾನರಿನಿಂದ ವಾಲ್ವ್ ತಿರುಗಿಸಿದ್ದೇ ತಡ...

ಆ ಸದ್ದನ್ನು ಹೇಗೆ ಹೇಳಲಿ. ಲಾರಿಯ ಟಯರು ಸಿಡಿದು, ಸಿಡಿದ ಸದ್ದು ನಿಲ್ಲದೆ ಹಾಗೇ ಮುಂದುವರಿದರೆ ಹೇಗಿರುತ್ತದೆಯೋ ಹಾಗೆ. ಬಿಳಿ ಹೊಗೆ ನೆಲದ ಮೇಲೆ ಹರಡಿತು. ಕಾಕನ ಕೈಯಿಂದ ಸ್ಪ್ಯಾನರ್ ಹಾರಿ ರ‍್ಯಾಕಿನ ಕೆಳಗೆಲ್ಲೋ ಹೋಯಿತು. ಸ್ಪ್ಯಾನರ್ ಇಲ್ಲದೆ ಆ ವಾಲ್ವ್ ಮುಚ್ಚುವಂತಿಲ್ಲ. ನಾನು ಬಾಗಿಲಿಗೆ ಓಡಿ ಎರಡೂ ಕೈಯಿಂದ ಬಡಿದೆ. ಆ ದಪ್ಪ ಬಾಗಿಲು ದಿಂಬಿನಂತೆ ನನ್ನ ಏಟುಗಳನ್ನು ನುಂಗಿತು.

“ಫ್ಯಾನ್! ಫ್ಯಾನ್ ಆಫ್ ಮಾಡು! ಹತ್ತಿ, ಇಬ್ರೂ ಮೇಲೆ ಹತ್ತಿ!” ಎಂದು ಕಾಕ ಕಿರುಚಿದರು.

ನಾನು ಗೋಡೆಯ ಫ್ಯಾನ್ ಸ್ವಿಚ್ಚುಗಳನ್ನೆಲ್ಲ ಒತ್ತಿದೆ. ಅಕ್ಕನನ್ನು ಹಿಂದಿನಿಂದ ತಳ್ಳಿ ರ‍್ಯಾಕ್ ಹತ್ತಿಸಿ ನಾನೂ ಹತ್ತಿದೆ. ಟ್ರೇಗಳು ಉರುಳಿ ಬಿದ್ದವು. ಮೇಲಿನಿಂದ ನೋಡಿದರೆ ಕಾಕ ಕಾಣುತ್ತಿರಲಿಲ್ಲ. ಅವರು ಆ ಹೊಗೆಯೊಳಗೆ ಮೊಣಕಾಲೂರಿ ಸ್ಪ್ಯಾನರ್ ಹುಡುಕುತ್ತಿದ್ದರು. ಬಗ್ಗಬೇಡಿ ಎಂದು ನಮಗೆ ಹೇಳಿಕೊಟ್ಟವರು... ಒಮ್ಮೆ ಎದ್ದು, ಮುಖ ಮೇಲೆತ್ತಿ ಉಸಿರೆಳೆದುಕೊಂಡು, ಮತ್ತೆ ಒಳಗೆ ಹೋದರು. ಇನ್ನೊಮ್ಮೆ. ಮೂರನೆಯ ಸಲ ಹೋದಾಗ ಕಬ್ಬಿಣಕ್ಕೆ ಕಬ್ಬಿಣ ತಾಗುವ ಶಬ್ದ ಕೇಳಿಸಿತು. ಭೋರ್ಗರೆತ ಸಣ್ಣದಾಗುತ್ತಾ ಬಂದು ನಿಂತಿತು. ಕಾಕ ರ‍್ಯಾಕಿನ ಕಂಬ ಹಿಡಿದು ಎದ್ದವರು ಹಾಗೇ ಜಾರತೊಡಗಿದರು. ಅಕ್ಕ ಒಂದು ತೋಳು, ನಾನೊಂದು ತೋಳು ಹಿಡಿದು ಎಳೆದೆವು. ನಮಗೆ ಅಷ್ಟು ಬಲ ಎಲ್ಲಿಂದ ಬಂತೋ ತಿಳಿಯದು. ಎರಡನೆಯ ಅಂತಸ್ತಿಗೆ ಅವರ ಎದೆ ತಲುಪಿತು, ಆಮೇಲೆ ಸೊಂಟ, ಆಮೇಲೆ ಕಾಲು.

ಗ್ಯಾಸ್ ನಿಂತಿತ್ತು. ಆದರೆ ಹೊರಬಂದದ್ದು ನಮ್ಮ ಜೊತೆಗೇ ಇತ್ತು. ಎಷ್ಟು ಎಳೆದರೂ ಉಸಿರು ಸಾಲದು. ಎದೆ ತಾನಾಗಿಯೇ ಓಡುತ್ತಿತ್ತು, ಕಿವಿಯೊಳಗೆ ಯಾರೋ ಕುಟ್ಟುತ್ತಿದ್ದರು. ಬಾಗಿಲು ಅಲ್ಲೇ, ಹತ್ತು ಹೆಜ್ಜೆ ದೂರದಲ್ಲಿತ್ತು. ಅದರ ಮುರಿದ ಹಿಡಿಯ ಜಾಗದಲ್ಲಿ ಎರಡು ತೂತುಗಳು ಕಾಣುತ್ತಿದ್ದವು. ನಾನು ಕೂಗಲು ಶುರುಮಾಡಿದೆ. ಕಾಕ ಕಣ್ಣು ಮುಚ್ಚಿಕೊಂಡೇ ನನ್ನ ಬಾಯಿಗೆ ಕೈ ಅಡ್ಡ ತಂದು, “ಕೂಗ್ಬೇಡ... ಮೇಲೆ... ಶೀಟ್,” ಎಂದರು.

ಅಕ್ಕನಿಗೆ ಅದು ನನಗಿಂತ ಬೇಗ ಅರ್ಥವಾಯಿತು. ಮೇಲಿನ ಟ್ರೇ ಎಳೆಯಲು ನಾವು ಬಳಸುವ ಕಬ್ಬಿಣದ ಕೊಕ್ಕೆ ಅಲ್ಲೇ ನೇತಾಡುತ್ತಿತ್ತು. ಅವರು ಅದರಿಂದ ಥರ್ಮೋಕೋಲ್ ಸೀಲಿಂಗನ್ನು ತಿವಿದು ತಿವಿದು ಒಡೆದರು. ಮೇಲೆ ಹಳೆಯ ಗೋಡೌನಿನ ತಗಡಿನ ಶೀಟು. ಅದಕ್ಕೆ ಬಡಿದರು. ಬಡಿದು ಸ್ವಲ್ಪ ನಿಲ್ಲುವುದು, ಮತ್ತೆ ಬಡಿಯುವುದು. ಒಡೆದ ಜಾಗದಿಂದ ಬೆಚ್ಚಗಿನ, ಇಲಿಯ ಹಿಕ್ಕೆಯ ವಾಸನೆಯ ಗಾಳಿ ಇಳಿಯಿತು. ನಾವು ಅದಕ್ಕೆ ಮುಖವೊಡ್ಡಿ ಕುಳಿತೆವು. ತಗಡಿನ ಸದ್ದು ಕಣದವರೆಗೂ ಹೋಗಿ, ಮಂಗ ಇರಬೇಕೆಂದು ಮೊದಲು ಸುಮ್ಮನಿದ್ದ ರೈಟರ್ ಆಮೇಲೆ ಓಡಿಬಂದು ಚಿಲಕ ತೆಗೆದರು. ಅಷ್ಟು ಹೊತ್ತಿಗೆ ಅರ್ಧ ಗಂಟೆಯಾಗಿತ್ತು ಎಂದು ಆಮೇಲೆ ಹೇಳಿದರು. ನನಗೆ ಅರ್ಧ ದಿನ.

ನಾನು ಮತ್ತು ಅಕ್ಕ ಬಿಸಿಲಿನಲ್ಲಿ ಕೂತು, ವಾಂತಿ ಮಾಡಿಕೊಂಡು, ಸಂಜೆಗೆ ಸರಿಹೋದೆವು. ಕಾಕನನ್ನು ಜೀಪಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಒಯ್ದರು.

ನಾಲ್ಕನೆಯ ದಿನ ಸಾವ್ಕಾರ್ರು ನನ್ನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಒಂದು ಟೈಪ್ ಮಾಡಿದ ಹಾಳೆ. ಗ್ಯಾಸ್ ನೋಡಿಕೊಳ್ಳುವವರು ಜೋಡಣೆ ಬಿಗಿ ಮಾಡದೆ ಅಜಾಗರೂಕತೆಯಿಂದ ವಾಲ್ವ್ ತೆರೆದರು, ಬಾಗಿಲಿನ ಹಿಡಿ ಸುಸ್ಥಿತಿಯಲ್ಲಿತ್ತು, ಗಾಬರಿಯಲ್ಲಿ ಅದನ್ನು ಎಳೆದು ಮುರಿದರು ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಪಕ್ಕದಲ್ಲಿ ಲಾಗ್ ಬುಕ್. ತೆರೆದು ನೋಡಿದೆ. ಹೊಸದು. ಒಂದು ಗೆರೆಯೂ ಬರೆದಿರಲಿಲ್ಲ.

“ವಿಚಾರಣೆ ಅಂತ ಬಂದ್ರೆ ಎಲ್ಲರಿಗೂ ತೊಂದ್ರೆ,” ಎಂದರು ಸಾವ್ಕಾರ್ರು, ಅದೇ ಮೆತ್ತಗಿನ ದನಿಯಲ್ಲಿ. “ಆ ರೂಮು ನಿಮ್ಮ ಚಾರ್ಜಿನಲ್ಲಿತ್ತಲ್ಲ ಮೇಡಂ. ಕಾಕನಿಗೆ ವಯಸ್ಸಾಯ್ತು, ಅವರಿಗೇನೂ ಆಗೋದಿಲ್ಲ. ನೀವು ಚಿಕ್ಕವರು.” ಮತ್ತೆ ಕೀ ಗೊಂಚಲು ತೆಗೆದು ಬೀರು ತೆರೆದರು. ನನ್ನ ಅಂಕಪಟ್ಟಿಗಳ ಪ್ಲಾಸ್ಟಿಕ್ ಫೈಲನ್ನು ಹಾಳೆಯ ಪಕ್ಕದಲ್ಲಿಟ್ಟರು. “ನಿಮಗೆ ಇಲ್ಲಿ ಇರೋಕೆ ಇಷ್ಟ ಇಲ್ದಿದ್ರೆ ಇವತ್ತೇ ಹೋಗ್ಬಹುದು.”

ನಾನು ಗುಟ್ಟಾಗಿ ಅರ್ಜಿ ಹಾಕಿದ್ದ ಕುಶಾಲನಗರದ ಮಣ್ಣು ಪರೀಕ್ಷೆಯ ಲ್ಯಾಬಿನಿಂದ ಸಂದರ್ಶನದ ಪತ್ರ ಬಂದಿತ್ತು, ಮೂಲ ದಾಖಲೆ ತರಬೇಕೆಂದು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ. ಕಿಟಕಿಯಾಚೆ ಅಕ್ಕ ಕಾಫಿ ಗಿಡದ ಸಾಲಿನಲ್ಲಿ ನಿಂತು ನನ್ನ ಕಡೆ ನೋಡುತ್ತಿದ್ದರು. ಓದಲು ಬಾರದ ಅಕ್ಕನನ್ನು ಸಾವ್ಕಾರ್ರು ಕರೆದಿರಲಿಲ್ಲ.

ಸಹಿ ಮಾಡಿದೆ.

ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಇದನ್ನು ಎಷ್ಟೋ ಸಲ ಬೇರೆ ಬೇರೆ ರೀತಿಯಲ್ಲಿ ನನಗೆ ನಾನೇ ಹೇಳಿಕೊಂಡಿದ್ದೇನೆ. ವಯಸ್ಸು ಇಪ್ಪತ್ತಮೂರು, ತಲೆ ಇನ್ನೂ ಸಿಡಿಯುತ್ತಿತ್ತು, ಆ ರೂಮಿಗೆ ಇನ್ನೊಂದು ದಿನ ಹೋಗಬೇಕೆಂದರೆ ಸತ್ತೇಹೋಗುತ್ತೇನೆ ಅನ್ನಿಸುತ್ತಿತ್ತು... ಎಲ್ಲವೂ ನಿಜ. ಆದರೂ ಹಾಳೆಯನ್ನು ನಾನು ಪೂರ್ತಿ ಓದಿದ್ದೆ. ಹೊರಗೆ ಬಂದಾಗ ಅಕ್ಕ, “ಏನು ಬರ್ದಿತ್ತು ಮೇಡಂ?” ಎಂದು ಕೇಳಿದರು. “ಆಕ್ಸಿಡೆಂಟ್ ಆಯ್ತು ಅಂತ,” ಎಂದೆ. ಮಧ್ಯಾಹ್ನದ ಬಸ್ಸಿಗೆ ಊರು ಸೇರಿದೆ. “ಎಂತ ಆತ್ ಮಗ್ಳೆ?” ಎಂದು ಅವ್ವ ಕೇಳಿದರೆ, ಕೆಲಸ ಸರಿಬರಲಿಲ್ಲ ಎಂದು ಹೇಳಿ ಎರಡು ದಿನ ಅಂಗಳದಲ್ಲೇ ಕುಳಿತಿದ್ದೆ. ಮನೆಯೊಳಗೆ ಬಾಗಿಲು ಹಾಕಿದರೆ ಎದೆ ಓಡುತ್ತಿತ್ತು.

ಕಾಕನನ್ನು ಮತ್ತೆ ಒಂದೇ ಸಲ ನೋಡಿದೆ. ಲ್ಯಾಬಿನ ಕೆಲಸಕ್ಕೆ ಸೇರಿದ ಹೊಸತು. ಊರಿಂದ ಕುಶಾಲನಗರಕ್ಕೆ ಬರುವಾಗ ಸುಂಟಿಕೊಪ್ಪದಲ್ಲಿ ಬಸ್ಸು ನಿಂತಿತ್ತು. ಅವರು ಒಂದು ಅಂಗಡಿಯ ಕಂಬ ಹಿಡಿದು ನಿಂತಿದ್ದರು. ಅರ್ಧ ಆಗಿಹೋಗಿದ್ದರು. ಅವರು ನೋಡದಿರಲಿ ಎಂದು ನಾನು ತಲೆ ಬಗ್ಗಿಸಿದೆ. ನೋಡಿಬಿಟ್ಟರು. ಕೆಮ್ಮುತ್ತಾ, ನಿಂತು ನಿಂತು ನಡೆದು, ಕಿಟಕಿಯ ಹತ್ತಿರ ಬಂದರು.

“ತಲೆನೋವು ಹೋಯ್ತಾ ಮೋಳೇ?”

“ಹೋಯ್ತು ಕಾಕ.”

“ದಿನಾ ಸ್ವಲ್ಪ ಬಿಸಿಲಲ್ಲಿ ನಡಿ.” ಉಸಿರು ಸಿಗಲೆಂದು ಕಿಟಕಿಯ ಕಂಬಿ ಹಿಡಿದುಕೊಂಡರು. ಆಮೇಲೆ ಕೇಳಿದರು, “ಮಾರ್ಕ್ಸ್ ಕಾರ್ಡ್ ಎಲ್ಲ ವಾಪಸ್ ಸಿಕ್ತಲ್ಲ?”

ಅವರಿಗೆ ಆ ಹಾಳೆಯನ್ನು ತೋರಿಸಿ ಕೆಲಸದಿಂದ ತೆಗೆದಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ತಲೆಯಾಡಿಸಿದೆ. “ಒಳ್ಳೇದಾಯ್ತು,” ಎಂದರು. ಅದರಲ್ಲಿ ಚುಚ್ಚು ಇತ್ತೇ? ಇರಲಿಲ್ಲ ಎಂದೇ ನನ್ನ ನೆನಪು. ಬಸ್ಸು ಹೊರಟಿತು. ಇಳಿಯಬಹುದಿತ್ತು... ಇಳಿಯಲಿಲ್ಲ.

ಮದುವೆಯಿಂದ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಸುಂಟಿಕೊಪ್ಪದಲ್ಲಿ ಇಳಿದು, ಕೇಳಿಕೊಂಡು, ಪೇಟೆಯ ಹಿಂದಿನ ಏರು ಹತ್ತಿ ಕಾಕನ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ. ಕಾಕ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಕೆಮ್ಮು ಕೊನೆಯವರೆಗೂ ಬಿಟ್ಟಿರಲಿಲ್ಲ. ನಾನು ಯಾರೆಂದು ಹೇಳಿದೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು.

“ನೀವಾ! ಆ ರೂಮಿನ ಮೋಳಾ! ಇಬ್ರು ಹೆಂಗಸ್ರು ಸೇರಿ ನನ್ನ ಮೇಲೆ ಎಳೆದು ಉಳಿಸಿದ್ರು ಅಂತ ಬಂದವರಿಗೆಲ್ಲ ಹೇಳ್ತಿದ್ರು. ಬನ್ನಿ, ಕೂತ್ಕೊಳ್ಳಿ.”

ಟೀ ತಂದರು. ಜೊತೆಗೆ ಬಾಳೆಕಾಯಿ ಚಿಪ್ಸ್. ಕಾಕ ಕೆಲಸ ಯಾಕೆ ಬಿಟ್ಟರು ಎಂದು ನಾನು ಕೇಳಿದೆ, ಹೇಗಾದರೂ ಮಾತು ಆ ಕಡೆ ತಿರುಗಲೆಂದು. “ಉಸಿರು ಹಿಡೀತಿಲ್ಲ, ಅದಕ್ಕೆ ನಾನೇ ಬಿಟ್ಟೆ ಅಂದ್ರು,” ಎಂದರು ಆಕೆ. ಅವರಿಗೆ ಏನೂ ಗೊತ್ತಿರಲಿಲ್ಲ. ಅಲ್ಲಿಗೇ ನಿಲ್ಲಿಸಿ, ಟೀ ಕುಡಿದು ಬರಬಹುದಿತ್ತು. ಆದರೆ ನಾನು ಬಂದದ್ದು ಹೇಳಲೆಂದು. ಹೇಳಿದೆ. ಹಾಳೆ, ಹೊಸ ಲಾಗ್ ಬುಕ್, ನನ್ನ ಸಹಿ, ಅದರ ಬಲದಿಂದ ಅವರನ್ನು ತೆಗೆದುಹಾಕಿದ್ದು. ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೋದಂತೆ ನನ್ನ ಎದೆ ಹಗುರಾಗುತ್ತಿರುವುದು ನನಗೇ ತಿಳಿಯುತ್ತಿತ್ತು. ಎದುರಿಗೆ ಆಕೆಯ ಮುಖ ಬದಲಾಗುತ್ತಿತ್ತು.

ಚಿಪ್ಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದರು. “ಇದು ಅವರಿಗೆ ಗೊತ್ತಿತ್ತಾ?”

“ಗೊತ್ತಿತ್ತು ಉಮ್ಮ.”

“ಹಾಗಾದ್ರೆ ನಾನು ನಿಮ್ಮನ್ನ ಬೈಬಾರ್ದು ಅಂತಲೇ ಅವರು ಹೇಳದೆ ಇದ್ದದ್ದು.” ತಲೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡರು. “ಆದ್ರೆ ನಾನು ಅವರಲ್ಲ ಮೋಳೇ. ಟೀ ಕುಡಿದು ಹೋಗಿ. ಇನ್ನು ಬರ್ಬೇಡಿ.”

ಟೀ ಕುಡಿದೆ. ಪೂರ್ತಿ ಕುಡಿಯುವವರೆಗೂ ಆಕೆ ಎದುರಿಗೇ ಕುಳಿತಿದ್ದರು.

ಮತ್ತೆ ಹೋಗಿಲ್ಲ. ಕಾಕ ಇದ್ದಿದ್ದರೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಕೇಳಬೇಕಾದ ಕಾಲದಲ್ಲಿ ನಾನು ಬಸ್ಸಿನಲ್ಲಿ ಕುಳಿತಿದ್ದೆ. ಈಗಲೂ ಎರಡು ವಾರಕ್ಕೊಮ್ಮೆ ಅವ್ವನನ್ನು ನೋಡಲು ಹೋಗುತ್ತೇನೆ. ಸುಂಟಿಕೊಪ್ಪದಲ್ಲಿ ಬಸ್ಸು ಐದು ನಿಮಿಷ ನಿಲ್ಲುತ್ತದೆ. ಜನ ಇಳಿಯುತ್ತಾರೆ, ಹತ್ತುತ್ತಾರೆ. ನಾನು ಪೇಟೆ ಕಾಣದ ಆಚೆ ಬದಿಯ ಸೀಟು ಹಿಡಿದು, ಹೊರಡಲಿ ಎಂದು ಕಾಯುತ್ತೇನೆ. ನಮ್ಮೂರಿಗೆ ಹೋಗುವ ಬಸ್ಸಿಗೆ ಬೇರೆ ದಾರಿಯಿಲ್ಲ.